ತೆರ್ಸ್‌ನ ಹೊತ್ತು, ವೇದಪಾಠದ ಹೊತ್ತು

ಕ್ರೈಸ್ತ ಧರ್ಮದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಇಗರ್ಜಿಗಳನ್ನು, ಬಿಷಪರನ್ನು, ಪರಿಷತ್ತುಗಳ ತೀರ್ಮಾನಗಳನ್ನು ಕುರಿತು ಬರೆದಿದ್ದಾರೆ. ಆದರೆ ಆ ಧರ್ಮ ಅಜ್ಜಿಯಿಂದ ಮೊಮ್ಮಗಳಿಗೆ, ತಂದೆಯಿಂದ ಮಗನಿಗೆ ದಾಟಿದ್ದು ಬಹುಪಾಲು ಮನೆಯ ಗೋಡೆಗಳ ಒಳಗೆ, ಮತ್ತು ಆ ದಾಟುವಿಕೆಗೆ ದಾಖಲೆಗಳು ತೀರ ಕಡಿಮೆ. ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಅವನ ನಂಬಿಕೆ ಎಲ್ಲಿಂದ ಬಂತೆಂದು ಹೇಳುವಾಗ ಯಾವ ಬೋಧಕನ ಹೆಸರೂ ಕಾಣಿಸುವುದಿಲ್ಲ. ಅಜ್ಜಿ ಲೋವಿ, ತಾಯಿ ಯೂನಿಕೆ ಎಂಬ ಎರಡು ಹೆಸರುಗಳಷ್ಟೇ ಕಾಣಿಸುತ್ತವೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಧರ್ಮಬೋಧಕ ಜಾನ್ ಕ್ರಿಸೊಸ್ತೊಮ್ ಮನೆಯನ್ನು ಪುಟ್ಟದೊಂದು ಧರ್ಮಸಭೆಯೆಂದು ಕರೆದಿದ್ದ. ಎರಡನೆಯ ವ್ಯಾಟಿಕನ್ ಪರಿಷತ್ತು 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಆ ಹಳೆಯ ಕಲ್ಪನೆಗೆ ಮತ್ತೆ ಸ್ಥಾನ ಕೊಟ್ಟು, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ಹೆತ್ತವರೇ ಎಂದು ಘೋಷಿಸಿತು. ಇಷ್ಟು ದೊಡ್ಡ ಹೊಣೆಯನ್ನು ಹೆತ್ತವರು ದಿನದ ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ, ಯಾರ ಮುಂದಾಳುತನದಲ್ಲಿ ನಿಭಾಯಿಸಬೇಕು ಎಂಬುದನ್ನು ಮಾತ್ರ ಇಂಥ ಘೋಷಣೆಗಳು ಹೇಳುವುದಿಲ್ಲ. ಅದನ್ನು ಆಯಾ ಊರಿನ ರೂಢಿಯೇ ತೀರ್ಮಾನಿಸಿದೆ.

ಕರ್ನಾಟಕದ ಕರಾವಳಿಯಲ್ಲಿ ಇಂಥ ಎರಡು ರೂಢಿಗಳು ಒಂದೇ ಪೇಟೆಯ ಅಕ್ಕಪಕ್ಕದ ಬೀದಿಗಳಲ್ಲಿ ಬೆಳೆದವು. ಗೋವೆಯಿಂದ ಹದಿನಾರನೆಯ ಶತಮಾನದ ಹೊತ್ತಿಗೇ ತೆಂಕಣಕ್ಕೆ ಬರತೊಡಗಿದ ಕೊಂಕಣಿ ಕಥೋಲಿಕರದು ಒಂದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನಿಂದ ರೂಪುಗೊಂಡ ಕನ್ನಡ ಮತ್ತು ತುಳು ಮಾತಿನ ಪ್ರೊಟೆಸ್ಟಂಟ್ ಸಭೆಗಳದು ಇನ್ನೊಂದು. ಎರಡರ ಪ್ರಾರ್ಥನಾ ಪುಸ್ತಕಗಳೂ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ದೇವಶಾಸ್ತ್ರದಲ್ಲಿ ಇವು ಪರಸ್ಪರ ದೂರ, ಒಂದು ಕಾಲದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡುವುದೂ ದುರ್ಲಭ. ಆದರೂ ಮಕ್ಕಳನ್ನು ಬೆಳೆಸಿದ ಬಗೆಯಲ್ಲಿ ಇವೆರಡನ್ನೂ ಕೂಡಿಸುವ ಸಂಗತಿಯೊಂದಿದೆ. ಮಕ್ಕಳಿಗೆ ಕಲಿಸಬೇಕೆಂದೇ ರೂಪಿಸಿದ ಪಾಠಕ್ಕಿಂತ, ಹಿರಿಯರು ತಮಗೆ ಬೇಕೆಂದು ಇಟ್ಟುಕೊಂಡಿದ್ದ ಹಾಗೂ ಮಕ್ಕಳು ಜೊತೆಗೆ ಕುಳಿತಿದ್ದ ಒಂದು ಹೊತ್ತು ಎರಡೂ ಕಡೆ ಹೆಚ್ಚಿನ ಕೆಲಸ ಮಾಡಿದೆ. ಇಂದು ಆ ಹೊತ್ತೇ ಕುಸಿಯುತ್ತಿರುವಾಗ, ಅದರ ಜಾಗದಲ್ಲಿ ಮಕ್ಕಳ ಧಾರ್ಮಿಕ ಶಿಕ್ಷಣವೆಂಬ ಏರ್ಪಾಟನ್ನು ತಂದಿಟ್ಟರೆ ಸಾಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದೂ ಇಲ್ಲಿಯೇ.

ಆಲ್ತಾರಿನ ಮುಂದೆ

ತೆರ್ಸ್ ಎಂದರೆ ಮಂಗಳೂರಿನ ಕಥೋಲಿಕರು ಸಂಜೆ, ಊಟಕ್ಕೆ ಮೊದಲು, ಮನೆಯ ಆಲ್ತಾರಿನ ಮುಂದೆ ಕೂಡಿ ಹೇಳುವ ಜಪಮಾಲೆಯ ಪ್ರಾರ್ಥನೆ. ಆಲ್ತಾರ್ ಎಂದಾಗ ದೊಡ್ಡದೇನನ್ನೋ ಊಹಿಸಬೇಕಾಗಿಲ್ಲ. ಪಡಸಾಲೆಯ ಗೋಡೆಯಲ್ಲಿ ಒಂದು ಶಿಲುಬೆ, ಯೇಸುವಿನ ಪವಿತ್ರ ಹೃದಯದ ಪಟ, ಮರಿಯಳ ಪ್ರತಿಮೆ, ಒಂದು ದೀಪ ಅಥವಾ ಮೇಣದ ಬತ್ತಿ ಇಷ್ಟೇ ಅದರ ಸಾಮಗ್ರಿ. ಪ್ರಾರ್ಥನೆಯಲ್ಲಿ ಹತ್ತರ ಐದು ಸುತ್ತುಗಳಿದ್ದು, ಪ್ರತಿಯೊಂದು ಸುತ್ತೂ ಕ್ರಿಸ್ತನ ಅಥವಾ ಮರಿಯಳ ಬದುಕಿನ ಒಂದು ಘಟನೆಯ ಸ್ಮರಣೆಯೊಂದಿಗೆ ಮೊದಲಾಗುತ್ತದೆ. ಆಮೇಲೆ ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಒಮ್ಮೆ, ಮರಿಯಳಿಗೆ ನಮನ ಹೇಳುವ ಪ್ರಾರ್ಥನೆ ಹತ್ತು ಸಲ, ಕೊನೆಗೆ ತ್ರಿಯೇಕ ದೇವರ ಸ್ತುತಿ. ಸ್ಮರಿಸುವ ಘಟನೆಗಳು ಆನಂದದವು, ದುಃಖದವು, ಮಹಿಮೆಯವು ಎಂದು ಮೂರು ಗುಂಪುಗಳಾಗಿ ಶತಮಾನಗಳ ಕಾಲ ಇದ್ದವು. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ಘಟನೆಗಳೆಂಬ ನಾಲ್ಕನೆಯ ಗುಂಪನ್ನು ಸೇರಿಸಿದರು. ಐದು ಸುತ್ತು ಮುಗಿಯಲು ಇಪ್ಪತ್ತು ನಿಮಿಷ ಬೇಕು. ಆ ಬಳಿಕ ಮರಿಯಳನ್ನು ಹಲವು ಬಿರುದುಗಳಿಂದ ಕರೆದು ಬೇಡಿಕೊಳ್ಳುವ ಮಾಲೆಪ್ರಾರ್ಥನೆ, ತೀರಿಕೊಂಡವರಿಗಾಗಿ ಒಂದು, ಕಾಯಿಲೆಯವರಿಗಾಗಿ ಒಂದು, ಊರು ಬಿಟ್ಟವರಿಗಾಗಿ ಒಂದು ಎಂದು ಬೆಳೆಯುತ್ತ ಹೋದರೆ ಅರ್ಧ ಗಂಟೆ ದಾಟುವುದು ಕಷ್ಟವಲ್ಲ, ಅದರಲ್ಲೂ ಪ್ರಾರ್ಥನೆಯ ಮುಂದಾಳು ಅಜ್ಜಿಯಾಗಿದ್ದಾಗ.

ಈ ಪ್ರಾರ್ಥನೆಯ ಕಟ್ಟಡವನ್ನು ಗಮನಿಸಿದರೆ, ಅದು ಮಕ್ಕಳ ಪಾಲನೆಯಲ್ಲಿ ಯಾಕೆ ಅಷ್ಟು ಬಲವಾಗಿ ನಿಂತಿತು ಎಂಬುದು ತಿಳಿಯುತ್ತದೆ. ಪ್ರತಿಯೊಂದು ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಎಲ್ಲರೂ ಕೂಡಿ ಹೇಳುವುದರಿಂದ, ಓದು ಬರದ ಮಗುವಿಗೂ, ಕಣ್ಣು ಮಂಜಾದ ಮುದುಕರಿಗೂ ಅದರಲ್ಲಿ ಸಮಾನವಾದ ಪಾಲಿದೆ. ಮೂರು ನಾಲ್ಕು ವರ್ಷದ ಮಗು ಮೊದಲು ಸದ್ದನ್ನು ಹಿಡಿಯುತ್ತದೆ, ಪದಗಳು ಆಮೇಲೆ ಬರುತ್ತವೆ, ಅರ್ಥ ಇನ್ನೂ ಎಷ್ಟೋ ವರ್ಷಗಳ ಬಳಿಕ. ಏಳೆಂಟು ವರ್ಷವಾಗುತ್ತಿದ್ದಂತೆ ಒಂದು ಸುತ್ತನ್ನು ನಡೆಸುವ ಹೊಣೆ ಅದಕ್ಕೆ ಬರುತ್ತದೆ, ತಪ್ಪಿದರೆ ಪಕ್ಕದಿಂದ ಯಾರೋ ಎತ್ತಿಕೊಡುತ್ತಾರೆ, ಸುತ್ತು ಮುಂದೆ ಸಾಗುತ್ತದೆ. ಇಲ್ಲಿ ಕಲಿಸುವವರು, ಕಲಿಯುವವರು ಎಂಬ ವಿಭಾಗವಿಲ್ಲ. ತಾಯಿ ಪ್ರಾರ್ಥಿಸುವುದು ಮಗುವಿಗೆ ಮಾದರಿಯಾಗಲೆಂದಲ್ಲ. ಸಾಲ, ಮಳೆ, ಗಂಡನ ಕೆಮ್ಮು, ದೂರದ ಊರಿನಲ್ಲಿ ಕೆಲಸಕ್ಕಿರುವ ಮಗ, ಇವೆಲ್ಲವನ್ನೂ ಹೊತ್ತು ಅವಳು ಅಲ್ಲಿ ಮಂಡಿಯೂರಿರುತ್ತಾಳೆ. ಮಗು ಅದನ್ನು ನೋಡುತ್ತದೆ, ಬಹಳ ಸಲ ತೂಕಡಿಸುತ್ತ ನೋಡುತ್ತದೆ. ತೆರ್ಸ್‌ನ ಹೊತ್ತಿನಲ್ಲಿ ತೂಕಡಿಸದ ಮಕ್ಕಳು ಇದ್ದದ್ದು ಧರ್ಮೋಪದೇಶದ ಪುಸ್ತಕಗಳ ಚಿತ್ರಗಳಲ್ಲಿ ಮಾತ್ರ ಇರಬೇಕು.

ಪ್ರಾರ್ಥನೆ ಮುಗಿದ ಕೂಡಲೇ ಕಿರಿಯರು ಕೈಜೋಡಿಸಿ ಹಿರಿಯರೆದುರು ಹೋಗಿ ಬೆಸಾಂವ್ ಬೇಡುತ್ತಾರೆ. ಬೆಸಾಂವ್ ಎಂದರೆ ಆಶೀರ್ವಾದ. ಅಜ್ಜ, ಅಜ್ಜಿ, ತಂದೆ, ತಾಯಿ ಎಂದು ವಯಸ್ಸಿನ ಕ್ರಮದಲ್ಲೇ ಇದು ಸಾಗಬೇಕು. ಹಿರಿಯರು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ದೇವರು ಒಳಿತು ಮಾಡಲೆಂದು ಹರಸುತ್ತಾರೆ. ಹಗಲು ಹೊತ್ತಿನಲ್ಲಿ ಪೆಟ್ಟು ಕೊಟ್ಟ ತಂದೆಯ ಎದುರಿಗೂ ಮಗು ಸಂಜೆ ಹೋಗಿ ನಿಲ್ಲಲೇಬೇಕು, ತಂದೆಯೂ ಮುಖ ತಿರುಗಿಸದೆ ಹಣೆ ಮುಟ್ಟಲೇಬೇಕು. ಮುನಿಸನ್ನು ಮರುದಿನಕ್ಕೆ ಸಾಗಿಸಲು ಬಿಡದ ಈ ನಿಯಮದಲ್ಲಿ ಮಕ್ಕಳ ಮನಶ್ಶಾಸ್ತ್ರದ ಎಷ್ಟೋ ಪುಸ್ತಕಗಳಲ್ಲಿ ಸಿಗದ ವಿವೇಕವಿದೆ ಎಂದರೆ ತಪ್ಪಾಗದು.

ಈ ರೂಢಿ ಗಟ್ಟಿಗೊಳ್ಳಲು ಚರಿತ್ರೆಯ ಕಾರಣವೂ ಉಂಟು. ಎರಡನೆಯ ಆಂಗ್ಲೋ ಮೈಸೂರು ಯುದ್ಧದ ಕೊನೆಯಲ್ಲಿ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬ್ರಿಟಿಷರ ಪರ ನಿಂತರೆಂಬ ಗುಮಾನಿ ಇದಕ್ಕೆ ಕಾರಣವೆಂಬುದನ್ನು ಬಹುತೇಕರು ಒಪ್ಪುತ್ತಾರೆ. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗಿನ ಹದಿನೈದು ವರ್ಷಗಳಲ್ಲಿ ಯಾಜಕರೂ ಬಲಿಪೂಜೆಯೂ ಎಟುಕದ ಆ ಸಮುದಾಯಕ್ಕೆ ಉಳಿದದ್ದು ಬಾಯಿಪಾಠವಾಗಿದ್ದ ಪ್ರಾರ್ಥನೆಗಳು. ಬಿಡುಗಡೆಯಾಗಿ ಮರಳಿದವರು ಮತ್ತೆ ಒಂದು ಸಮುದಾಯವಾಗಿ ನಿಂತುಕೊಂಡರು ಎಂದರೆ, ಆ ಹದಿನೈದು ವರ್ಷಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮನೆಯವರ ಹೊರತು ಬೇರೆ ಧರ್ಮಗುರು ಇರಲಿಲ್ಲ ಎಂಬುದನ್ನು ನೆನೆಯಬೇಕು. ಮಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1887ರಲ್ಲಿ, ಅಂದರೆ ಮನೆಯ ವ್ಯವಸ್ಥೆ ಬೇರೂರಿ ಎಷ್ಟೋ ಕಾಲವಾದ ಮೇಲೆ.

ವರ್ಷಕ್ಕೊಮ್ಮೆ ಈ ದಿನಚರಿಯೇ ಹಬ್ಬವಾಗುವುದು ಸೆಪ್ಟೆಂಬರ್ 8ರಂದು. ಮರಿಯಳ ಜನ್ಮದಿನವಾದ ಅಂದು ಆಚರಿಸುವ ಮೊಂತಿ ಫೆಸ್ತ್ ಕರಾವಳಿಯ ಕಥೋಲಿಕರಿಗೆ ತೆನೆಹಬ್ಬವೂ ಹೌದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಯಾಜಕರು ಹರಸಿದ ಭತ್ತದ ತೆನೆ ಮನೆಗೆ ಬಂದು ಆಲ್ತಾರಿನ ಮೇಲೆ ಕೂರುತ್ತದೆ, ಅದರ ಕಾಳುಗಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನು ಮಾಂಸವಿಲ್ಲದೆ ಒಂದು ದಿನವೂ ಕಳೆಯದ ಮನೆಗಳಲ್ಲಿ ಅಂದು ಬಾಳೆಯೆಲೆಯ ಮೇಲೆ ಬೆಂಡೆ, ಹರಿವೆ, ಕೆಸು, ಮಾಡಹಾಗಲ ಮುಂತಾದ ತರಕಾರಿಗಳ ಊಟ. ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು ಎಂದು ಬೆಸವಾಗಿಯೇ ಇರಬೇಕು. ತುಳುನಾಡಿನ ಇತರರು ಆಚರಿಸುವ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಇರುವ ನಂಟು ಎದ್ದು ಕಾಣುವಂಥದ್ದು, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಒಣಗಿದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ಮನೆಗಳು ಈಗಲೂ ಇವೆ.

ತಂದೆ ಓದಿದ ಪುಸ್ತಕ

ಬಾಸೆಲ್ ಮಿಶನ್‌ನ ಮನೆಗಳಲ್ಲಿ ಚಿತ್ರವೇ ಬೇರೆ. ಅಲ್ಲಿ ಪ್ರತಿಮೆಯಿಲ್ಲ, ಮಾಲೆಯಿಲ್ಲ. ಇರುವುದು ಒಂದು ದಪ್ಪ ಸತ್ಯವೇದ, ಒಂದು ಗೀತಗಳ ಪುಸ್ತಕ. ಕುಟುಂಬ ಪ್ರಾರ್ಥನೆಯೆಂದರೆ ಬೆಳಿಗ್ಗೆಯೋ ರಾತ್ರಿಯೋ ಮನೆಯವರೆಲ್ಲ ಕುಳಿತು ಒಂದು ಗೀತೆ ಹಾಡಿ, ವೇದಪಾಠವೆಂದು ಒಂದು ಅಧ್ಯಾಯ ಓದಿ, ಒಬ್ಬರು ಸ್ವಂತ ಮಾತಿನಲ್ಲಿ ಪ್ರಾರ್ಥಿಸಿ, ಕರ್ತನ ಪ್ರಾರ್ಥನೆಯಿಂದ ಮುಗಿಸುವ ಕ್ರಮ. ಇದರ ಬೇರು ಯೂರೋಪಿನ ಧರ್ಮಸುಧಾರಣೆಯಲ್ಲಿದೆ. ಮಾರ್ಟಿನ್ ಲೂಥರ್ 1529ರಲ್ಲಿ ಪ್ರಕಟಿಸಿದ ಕಿರಿಯ ಪ್ರಶ್ನೋತ್ತರ ಪಾಠದ ಒಂದೊಂದು ಭಾಗದ ತಲೆಯಲ್ಲೂ, ಮನೆಯ ಯಜಮಾನ ಇದನ್ನು ಮನೆಯವರಿಗೆ ಸರಳವಾಗಿ ಹೇಳಿಕೊಡಬೇಕಾದ ಬಗೆ ಎಂಬ ಅರ್ಥದ ಮಾತಿತ್ತು. ಏಳುವಾಗ, ಮಲಗುವಾಗ, ಉಣ್ಣುವ ಮೊದಲು, ಉಂಡ ಮೇಲೆ ಹೇಳಬೇಕಾದ ಪ್ರಾರ್ಥನೆಗಳೂ ಅದರಲ್ಲಿದ್ದವು. ಬಾಸೆಲ್ ಮಿಶನರಿಗಳಲ್ಲಿ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಮನೆತನಗಳಿಂದ ಬಂದವರು. ಪಯಟಿಸಂ ಎಂದರೆ ಚರ್ಚಿನ ಔಪಚಾರಿಕತೆಗಿಂತ ಹೃದಯದ ಪರಿವರ್ತನೆಗೆ, ದಿನನಿತ್ಯದ ಭಕ್ತಿಗೆ, ವೇದವನ್ನು ಮನೆಯಲ್ಲೇ ಓದುವುದಕ್ಕೆ ಒತ್ತುಕೊಟ್ಟ ಪ್ರೊಟೆಸ್ಟಂಟ್ ಪಂಥ.

ಆದರೆ ತುಳುನಾಡಿನಲ್ಲಿ ಈ ಮಾದರಿ ಬಿದ್ದ ನೆಲ ತೀರ ಬೇರೆಯದಾಗಿತ್ತು. ಇಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರು ದೊಡ್ಡ ಸಂಖ್ಯೆಯಲ್ಲಿದ್ದರು, ಅವರದು ಅಳಿಯಸಂತಾನದ ಕಟ್ಟು. ಅಂದರೆ ಆಸ್ತಿಯೂ ಮನೆತನದ ಹೆಸರೂ ತಾಯಿಯ ಕಡೆಯಿಂದ ಸಾಗುತ್ತ, ಮಕ್ಕಳ ಮೇಲಿನ ಅಧಿಕಾರದಲ್ಲಿ ತಂದೆಗಿಂತ ಸೋದರಮಾವನಿಗೆ ಹೆಚ್ಚಿನ ತೂಕವಿತ್ತು. ಕ್ರೈಸ್ತರಾದವರು ಕುಟುಂಬದ ಆಸ್ತಿಯಿಂದಲೂ ಸಂಬಂಧದಿಂದಲೂ ಹೊರಬಿದ್ದರು. ಶೇಂದಿ ಇಳಿಸುವ ಕಸುಬನ್ನು ಸಭೆ ಒಪ್ಪದ್ದರಿಂದ ಹೊಟ್ಟೆಪಾಡೂ ಹೋಯಿತು. ನೇಯ್ಗೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನಲ್ಲಿ ಮೊದಲಾದ ಹಂಚಿನ ಕಾರ್ಖಾನೆ ಇವು ಒಂದು ಮಟ್ಟಿಗೆ ಆ ಖಾಲಿಯನ್ನು ತುಂಬಲೆಂದೇ ಹುಟ್ಟಿದವು. ಅದೇ 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತನ ಆಸ್ತಿ ಅವನ ಹೆಂಡತಿ ಮಕ್ಕಳಿಗೆ ಹೋಗತೊಡಗಿತು. ಹೀಗೆ ಒಂದೆರಡು ದಶಕಗಳ ಒಳಗೆ, ತಂದೆಯನ್ನು ನಡುವೆ ಕೂರಿಸಿದ ಪುಟ್ಟ ಸಂಸಾರವೊಂದು ಹೊಸದಾಗಿ ತಯಾರಾಯಿತು, ಆ ಸಂಸಾರ ಪ್ರತಿ ರಾತ್ರಿ ತನ್ನನ್ನು ತಾನು ಗುರುತಿಸಿಕೊಂಡದ್ದು ಅದೇ ತಂದೆ ತೆರೆದು ಓದುವ ಪುಸ್ತಕದ ಮುಂದೆ. ಕ್ರೈಸ್ತ ಕುಟುಂಬದ ಸಹಜ ರೂಪವೇ ತಂದೆಯ ಯಜಮಾನಿಕೆ ಎಂದು ಇಂದು ಬೋಧಿಸುವವರು, ಈ ರೂಪ ಎಷ್ಟು ಈಚಿನದು, ಯಾವ ಕಾನೂನು ಮತ್ತು ಯಾವ ಕಾರ್ಖಾನೆಯ ನೆರಳಿನಲ್ಲಿ ಬೆಳೆದದ್ದು ಎಂಬುದನ್ನು ಮರೆಯುತ್ತಾರೆ. ಪಕ್ಕದ ಬೀದಿಯ ಕಥೋಲಿಕ ಮನೆಯಲ್ಲಿ ಪ್ರಾರ್ಥನೆಯ ಲಗಾಮು ಅಜ್ಜಿಯ ಕೈಯಲ್ಲಿತ್ತು, ಅದರಿಂದ ವಿಶ್ವಾಸಕ್ಕೇನೂ ಕುಂದಾಗಲಿಲ್ಲ.

ವೇದಪಾಠ ಬಿಟ್ಟುಹೋದ ಇನ್ನೊಂದು ಫಲ ಅಕ್ಷರ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿದ್ದರೂ ಹಳೆಯ ಒಡಂಬಡಿಕೆಗೆ ತುಳು ಮನೆಗಳು ಕನ್ನಡ ಸತ್ಯವೇದವನ್ನೇ ನೆಚ್ಚಬೇಕಾಗಿತ್ತು, ಆದ್ದರಿಂದ ಜಗುಲಿಯಲ್ಲಿ ತುಳು, ಪುಸ್ತಕದ ಮುಂದೆ ಕನ್ನಡ ಎಂಬ ಎರಡು ನಾಲಗೆಗಳಲ್ಲಿ ಮಕ್ಕಳು ಬೆಳೆದರು. ಸರದಿಯಂತೆ ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿಯಲ್ಲಿ ಹೆಣ್ಣುಮಕ್ಕಳನ್ನು ಬಿಡುವಂತಿರಲಿಲ್ಲ. ಹೆಣ್ಣು ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಮನೆಯ ಪ್ರಾರ್ಥನೆಯೇ ಅವಳ ಶಾಲೆಯ ಮುಂದುವರಿಕೆಯಾಯಿತು. ಇಲ್ಲಿಯೂ ಓದು ಉದ್ದೇಶವಾಗಿರಲಿಲ್ಲ, ಹಿರಿಯರಿಗೆ ಬೇಕಾಗಿದ್ದ ಆರಾಧನೆಯ ಜೊತೆಗೆ ಅದು ತಾನಾಗಿ ಬಂತು.

ಬೆತ್ತ, ಭಯ ಮತ್ತು ಒಬ್ಬ ಮೊಮ್ಮಗ

ಇಷ್ಟು ಹೇಳಿದ ಮೇಲೆ, ವಿಶ್ವಾಸವನ್ನು ಮನೆಯ ನಡುವೆ ಇಟ್ಟುಕೊಂಡ ಸಂಸಾರಗಳೆಲ್ಲ ಮಕ್ಕಳಿಗೆ ಹಿತವಾಗಿದ್ದವು ಎಂದು ಭಾವಿಸುವಂತಿಲ್ಲ. ಮಗನನ್ನು ಪ್ರೀತಿಸುವವನು ಬೆತ್ತವನ್ನು ಬಿಡಬಾರದೆಂಬ ಜ್ಞಾನೋಕ್ತಿಗಳ ಗ್ರಂಥದ ಮಾತು ಎಷ್ಟೋ ಮನೆಗಳಲ್ಲಿ ಹೊಡೆತಕ್ಕೆ ಪರವಾನಗಿಯಾಯಿತು, ಆದರೆ ತಂದೆಯರು ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬಾರದೆಂದು ಎಫೆಸದವರಿಗೂ, ಅವರ ಮನಸ್ಸು ಕುಂದಿಹೋಗುವಂತೆ ಮಾಡಬಾರದೆಂದು ಕೊಲೊಸ್ಸೆಯವರಿಗೂ ಬರೆದ ಪತ್ರಗಳಲ್ಲಿರುವ ಮಾತುಗಳು ಅಷ್ಟಾಗಿ ಕೇಳಿಬರಲಿಲ್ಲ. ಸಾವಿರದ ಆರುನೂರು ವರ್ಷಗಳ ಹಿಂದಿನ ಕ್ರಿಸೊಸ್ತೊಮ್ ಈ ವಿಷಯದಲ್ಲಿ ಆಶ್ಚರ್ಯಪಡುವಷ್ಟು ಮೃದು. ಒಣಜಂಬವನ್ನೂ ಮಕ್ಕಳ ಪಾಲನೆಯನ್ನೂ ಕುರಿತು ಅವನು ಬರೆದ ಪ್ರಬಂಧದಲ್ಲಿ ಸದಾ ಹೊಡೆಯುವುದನ್ನು ರೂಢಿಮಾಡಬಾರದು, ಗದರಿಕೆಯ ಭಯವಿದ್ದರೆ ಸಾಕು, ಪೆಟ್ಟಿಗೆ ಒಗ್ಗಿದ ಮಗು ಅದನ್ನು ಲೆಕ್ಕಿಸದಂತಾಗುತ್ತದೆ ಎಂಬ ಎಚ್ಚರಿಕೆಯಿದೆ. ಸಂಜೆ ಊಟದ ಹೊತ್ತಿಗೆ ಕಾಯಿನ ಮತ್ತು ಹೇಬೆಲರ ಕಥೆಯನ್ನು ರಂಜಕವಾಗಿ ಹೇಳಬೇಕು, ಇನ್ನೊಂದು ಸಂಜೆ ಮಗುವಿನ ಬಾಯಿಂದಲೇ ಅದನ್ನು ಹೇಳಿಸಬೇಕು, ಆಮೇಲೆ ಇಗರ್ಜಿಯಲ್ಲಿ ಅದೇ ಕಥೆಯ ಪಾಠ ನಡೆಯುವ ದಿನ ಮಗುವನ್ನು ಕರೆದೊಯ್ದರೆ ತನಗೆ ಮೊದಲೇ ಗೊತ್ತಿದೆಯೆಂದು ಅದು ಹಿಗ್ಗುತ್ತದೆ ಎನ್ನುತ್ತಾನೆ. ನರಕದ ಮಾತನ್ನು ಹದಿನೈದು ವರ್ಷ ತುಂಬುವ ಮೊದಲು ಎತ್ತಕೂಡದೆಂಬುದೂ ಅವನದೇ ಸಲಹೆ. ಪುಟ್ಟ ಮಕ್ಕಳನ್ನು ನರಕದ ಬೆಂಕಿಯಿಂದ ಹೆದರಿಸಿ ಪ್ರಾರ್ಥನೆಗೆ ಕೂರಿಸಿದ ಎಷ್ಟೋ ಮನೆಗಳು ಈ ಪ್ರಬಂಧವನ್ನು ಓದಿದ್ದರೆ ಒಳ್ಳೆಯದಿತ್ತು.

ಮಗು ಕ್ರೈಸ್ತನಾಗುವುದು ಹೇಗೆ ಎಂಬ ಬಗ್ಗೆ ಪ್ರೊಟೆಸ್ಟಂಟರೊಳಗೇ ಒಂದು ಜಗಳವಿದೆ. ಪಯಟಿಸ್ಟರ ಪ್ರಕಾರ ಪ್ರತಿಯೊಬ್ಬನಿಗೂ ಪಾಪದ ಅರಿವು ಮತ್ತು ಹೊಸ ಹುಟ್ಟು ಸ್ವಂತವಾಗಿ ಆಗಬೇಕು, ಹೆತ್ತವರು ಅದನ್ನು ಕೊಡಲಾರರು. ಅಮೆರಿಕದ ಹಾರ್ಟ್‌ಫರ್ಡ್‌ನ ಸಭಾಪಾಲಕ ಹೊರೇಸ್ ಬುಶ್ನೆಲ್ 1847ರ ತನ್ನ ಪುಸ್ತಕದಲ್ಲಿ ಇದನ್ನು ಒಪ್ಪದೆ, ಕ್ರೈಸ್ತ ಮನೆಯ ಮಗು ತಾನು ಯಾವಾಗ ಕ್ರೈಸ್ತನಾದೆನೆಂದು ನೆನಪೇ ಇರದಂತೆ ಬೆಳೆಯಬೇಕೆಂದು ವಾದಿಸಿದ. ಎರಡು ವಾದಗಳಿಗೂ ಬಲವಿದೆ. ಆದರೆ ಮೊದಲನೆಯದನ್ನು ಹೆತ್ತವರು ಅವಸರದಿಂದ ಕೈಗೆತ್ತಿಕೊಂಡಾಗ, ಮಗುವಿನ ಒಳಮನಸ್ಸನ್ನು ದಿನವೂ ಕೆದಕಿ ನೋಡುವ ಕೆಟ್ಟ ಚಟ ಅಂಟಿಕೊಳ್ಳುತ್ತದೆ.

ಬಾಸೆಲ್ ಮಿಶನ್ ಹೆತ್ತವರ ಪಾತ್ರದ ಈ ಪ್ರಶ್ನೆಗೆ ಒಂದು ವಿಚಿತ್ರ ಪರೀಕ್ಷೆಯನ್ನು ತಾನೇ ಒಡ್ಡಿಕೊಂಡಿತು. ಕರಾವಳಿಯ ಹೊಸ ಸಭೆಗಳಿಗೆ ಕ್ರೈಸ್ತ ಕುಟುಂಬದ ಮಾದರಿಯನ್ನು ತೋರಿಸಬೇಕಾಗಿದ್ದ ಮಿಶನರಿಗಳು, ತಮ್ಮ ಸ್ವಂತ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯೂರೋಪಿಗೆ ಕಳಿಸಿಬಿಡಬೇಕೆಂಬ ನಿಯಮಕ್ಕೆ ಒಳಪಟ್ಟಿದ್ದರು. ಅವರಿಗಾಗಿ ಬಾಸೆಲ್‌ನಲ್ಲಿ 1853ರಲ್ಲಿ ಮಕ್ಕಳ ಮನೆಯೊಂದರ ಏರ್ಪಾಟಾಯಿತು. ಹೀಗೆ ಹೋದ ಮಕ್ಕಳು ಮತ್ತೆ ಹೆತ್ತವರನ್ನು ಕಾಣಲು ವರ್ಷಗಟ್ಟಲೆ ಕಾಯಬೇಕಿತ್ತು, ಕೆಲವರು ಕಾಣಲೇ ಇಲ್ಲ. ಬಾಸೆಲ್ ಮಿಶನರಿಯೂ ಮಲಯಾಳ ನಿಘಂಟುಕಾರನೂ ಆದ ಹರ್ಮನ್ ಗುಂಡರ್ಟ್‌ನ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳೆಯದರಲ್ಲೇ ಯೂರೋಪಿನಲ್ಲಿ ಬಿಡಲ್ಪಟ್ಟು, ಹದಿಹರೆಯದಲ್ಲಿ ಮರಳಿ ಬಂದವಳು. ಅವಳ ಎರಡನೆಯ ಗಂಡ ಯೊಹಾನಸ್ ಹೆಸ್ಸೆ 1869ರಿಂದ 1873ರವರೆಗೆ ಮಂಗಳೂರು ಕಡೆಯಲ್ಲಿ ಬಾಸೆಲ್ ಮಿಶನ್‌ನ ಸೇವೆಯಲ್ಲಿದ್ದು, ಆರೋಗ್ಯ ಕೆಟ್ಟು ಜರ್ಮನಿಗೆ ಹಿಂದಿರುಗಿದವನು. ಇವರ ಮಗ, 1877ರಲ್ಲಿ ಹುಟ್ಟಿದ ಹರ್ಮನ್ ಹೆಸ್ಸೆ, ಮುಂದೆ ಸಿದ್ಧಾರ್ಥ ಕಾದಂಬರಿಯಿಂದ ಕನ್ನಡಿಗರಿಗೂ ಪರಿಚಿತನಾದ ಲೇಖಕ.

ಹೆಸ್ಸೆಯ ಬಾಲ್ಯ ಪಯಟಿಸ್ಟ್ ಪಾಲನೆಯ ಎರಡು ಮುಖಗಳನ್ನೂ ತೋರಿಸುತ್ತದೆ. ಹಟಮಾರಿ ಹುಡುಗನ ಇಚ್ಛಾಶಕ್ತಿಯನ್ನು ಬಗ್ಗಿಸಬೇಕೆಂಬ ಹೆತ್ತವರ ಯತ್ನ ಸೋತು, ದೇವಶಾಸ್ತ್ರದ ಓದಿಗೆಂದು ಸೇರಿಸಿದ ಮೌಲ್‌ಬ್ರಾನ್ ಶಾಲೆಯಿಂದ ಅವನು 1892ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಓಡಿಹೋದ. ಆ ಮೇಲಿನ ತಿಂಗಳುಗಳು ಮನೆಯವರಿಗೂ ಅವನಿಗೂ ನರಕವಾದವು. ಅವನು ಮತ್ತೆ ಚರ್ಚಿನ ಕ್ರೈಸ್ತನಾಗಲಿಲ್ಲ. ಆದರೆ 1931ರಲ್ಲಿ ತನ್ನ ನಂಬಿಕೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ತನ್ನನ್ನು ರೂಪಿಸಿದ ಶಕ್ತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಂದೆತಾಯಿಯ ಕ್ರೈಸ್ತ ಬದುಕೇ ಎಂದು ಅವನು ಒಪ್ಪಿಕೊಂಡ. ಅವರು ಬೋಧಿಸಿದ ಕ್ರೈಸ್ತತನವಲ್ಲ, ತಮ್ಮ ಜೀವನವನ್ನು ದೇವರಿಂದ ಬಂದ ಎರವಲೆಂದು ತಿಳಿದು ಸೇವೆಯಾಗಿ ಬದುಕಿ ತೋರಿಸಿದ ಕ್ರೈಸ್ತತನ ಎಂಬ ಭೇದವನ್ನೂ ಅವನ ಬರಹ ಸ್ಪಷ್ಟವಾಗಿ ಮಾಡುತ್ತದೆ. ಓಡಿಹೋದ ಮಗನ ಬಾಯಿಂದ ಬಂದ ಈ ಸಾಕ್ಷ್ಯಕ್ಕೆ, ವಿಧೇಯರಾಗಿ ಉಳಿದವರ ಸಾಕ್ಷ್ಯಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕಾಗುತ್ತದೆ.

ಸಂಜೆ ಏಳು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ?

ಇಂದು ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ಕುಗ್ಗುತ್ತಿರುವುದನ್ನು ಧರ್ಮೋಪದೇಶಗಳಲ್ಲಿ ಭಕ್ತಿಯ ಕೊರತೆಯೆಂದೇ ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಗಡಿಯಾರಕ್ಕೆ ಸೇರಿದ್ದು. ಹತ್ತನೆಯ ತರಗತಿಯ ಮಗ ಟ್ಯೂಷನ್ನಿನಿಂದ ಬರುವುದು ಎಂಟಕ್ಕೆ, ನೀಟ್ ಪರೀಕ್ಷೆಗೆ ಕೂರುವ ಮಗಳು ಕೋಚಿಂಗ್ ಮುಗಿಸುವುದು ಒಂಬತ್ತಕ್ಕೆ, ತಾಯಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ತಂದೆ ಕುವೈತಿನಲ್ಲಿ. ಕೃಷಿಯ ದಿನಚರಿಗೆ ಹೊಂದಿಕೊಂಡು ಹುಟ್ಟಿದ ಸಂಜೆಯ ಪ್ರಾರ್ಥನೆಗೆ, ಸಂಜೆಯೇ ಇಲ್ಲದ ಮನೆಯಲ್ಲಿ ಜಾಗ ಸಿಗುವುದಿಲ್ಲ.

ಈ ಖಾಲಿಯನ್ನು ತುಂಬುವ ಹೊಣೆ ಇಗರ್ಜಿಯ ದೊತೊರ್ನ್ ತರಗತಿಗಳ ಮೇಲೆ, ಪ್ರೊಟೆಸ್ಟಂಟರಲ್ಲಿ ಸಂಡೇ ಸ್ಕೂಲಿನ ಮೇಲೆ ಬಿದ್ದಿದೆ. ದೊತೊರ್ನ್ ಎಂದರೆ ಭಾನುವಾರ ಬಲಿಪೂಜೆಯ ಹಿಂದೆಮುಂದೆ ಮಕ್ಕಳಿಗೆ ನಡೆಯುವ ಧರ್ಮೋಪದೇಶದ ಪಾಠ. ಅದರಲ್ಲಿ ಪಠ್ಯಪುಸ್ತಕ, ಪರೀಕ್ಷೆ, ಅಂಕ, ಬಹುಮಾನ ಎಲ್ಲ ಉಂಟು. ಅದನ್ನು ನಡೆಸುವವರ ನಿಷ್ಠೆಯನ್ನು ಪ್ರಶ್ನಿಸುವಂತಿಲ್ಲ, ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ಆದರೆ ಗಣಿತ, ವಿಜ್ಞಾನದ ಪಕ್ಕದಲ್ಲಿ ವಿಶ್ವಾಸವೂ ಇನ್ನೊಂದು ವಿಷಯವಾದಾಗ, ವಿಷಯ ಮುಗಿದ ದಿನ ಪುಸ್ತಕ ಮುಚ್ಚುವುದನ್ನೂ ಮಗು ಕಲಿಯುತ್ತದೆ. ದೃಢೀಕರಣ ಸಂಸ್ಕಾರ, ಅಂದರೆ ಜ್ಞಾನಸ್ನಾನದಲ್ಲಿ ಹೆತ್ತವರು ಮಗುವಿನ ಪರವಾಗಿ ಕೊಟ್ಟ ಮಾತನ್ನು ಬೆಳೆದ ಮಗು ತಾನೇ ವಹಿಸಿಕೊಳ್ಳುವ ವಿಧಿ, ಎಷ್ಟೋ ಕಡೆ ಧರ್ಮಶಿಕ್ಷಣದ ಪದವಿಪ್ರದಾನದಂತಾಗಿರುವುದು ಇದರಿಂದಲೇ. ಹೆತ್ತವರು ತಾವು ಪ್ರಾರ್ಥಿಸದೆ ಮಕ್ಕಳನ್ನು ಮಾತ್ರ ತರಗತಿಗೆ ಬಿಟ್ಟು ಹೊರಗೆ ಸ್ಕೂಟರಿನಲ್ಲಿ ಕಾಯುವುದು ಏನನ್ನು ಕಲಿಸುತ್ತದೆ ಎಂಬುದು ಆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಅತ್ತ ಇನ್ನೊಂದು ಬಗೆಯ ಹೆತ್ತವರೂ ಹೆಚ್ಚುತ್ತಿದ್ದಾರೆ. ಮಗುವಿನ ಫೋನು, ಗೆಳೆಯರು, ಸಿನಿಮಾ ಎಲ್ಲದರ ಮೇಲೂ ಕಣ್ಣಿಟ್ಟು, ಕ್ರೈಸ್ತ ಪೇರೆಂಟಿಂಗ್ ಎಂಬ ಹೆಸರಿನಲ್ಲಿ ಬರುವ ವಿಡಿಯೋಗಳ ಸೂಚನೆಯಂತೆ ಮನೆಯನ್ನು ಕೋಟೆಯಾಗಿಸುವವರು ಇವರು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಪ್ರೀತಿಯನ್ನು ಕುರಿತು ಹೊರಡಿಸಿದ ಪ್ರೇರಣಾ ಪತ್ರದಲ್ಲಿ, ಮಗು ಎದುರಿಸಬಹುದಾದ ಪ್ರತಿಯೊಂದು ಸನ್ನಿವೇಶವನ್ನೂ ಹೆತ್ತವರು ಹತೋಟಿಯಲ್ಲಿಡಲಾರರು, ಗೀಳು ಶಿಕ್ಷಣವಾಗದು ಎಂದು ಹೇಳಿದ್ದು ಇಂಥವರನ್ನು ಉದ್ದೇಶಿಸಿಯೇ. ಹಳೆಯ ತೆರ್ಸ್‌ನ ಮನೆ ಇದಕ್ಕಿಂತ ಸಡಿಲವಾಗಿತ್ತು. ಅರ್ಧ ಗಂಟೆ ಕೂರಲೇಬೇಕು ಎಂಬುದು ಬಿಟ್ಟರೆ ಮಗು ಉಳಿದ ಹೊತ್ತು ಯಾವ ಗದ್ದೆ, ಯಾವ ಹೊಳೆಯ ಬದಿಯಲ್ಲಿತ್ತೆಂದು ಹೆಚ್ಚಿನ ಹೆತ್ತವರಿಗೆ ಗೊತ್ತೂ ಇರುತ್ತಿರಲಿಲ್ಲ.

ಮಿಶ್ರ ವಿವಾಹಗಳಲ್ಲಿ ಪ್ರಶ್ನೆ ಇನ್ನಷ್ಟು ನಾಜೂಕಾಗುತ್ತದೆ. 1917ರ ಕಥೋಲಿಕ ಧರ್ಮಸಂಹಿತೆಯಂತೆ ಮಕ್ಕಳನ್ನು ಕಥೋಲಿಕರಾಗಿಯೇ ಬೆಳೆಸುತ್ತೇವೆಂದು ವಧೂವರರಿಬ್ಬರೂ ಮಾತು ಕೊಡಬೇಕಿತ್ತು. ಈಗ ಜಾರಿಯಲ್ಲಿರುವ 1983ರ ಸಂಹಿತೆ ಆ ಭರವಸೆಯನ್ನು ಕಥೋಲಿಕ ಸಂಗಾತಿಯಿಂದ ಮಾತ್ರ ಕೇಳುತ್ತದೆ, ಅದೂ ಕೈಲಾದಷ್ಟು ಯತ್ನಿಸುವ ಭರವಸೆ. ಇನ್ನೊಬ್ಬರಿಗೆ ಅದರ ತಿಳಿವಳಿಕೆ ಇದ್ದರೆ ಸಾಕು. ಈ ಬದಲಾವಣೆ ಸಣ್ಣದಲ್ಲ. ತಂದೆ ಹಿಂದೂ ಆಗಿದ್ದು ತಾಯಿ ಒಬ್ಬಳೇ ಆಲ್ತಾರಿನ ಮುಂದೆ ಕೂರುವ ಮನೆಯಲ್ಲಿ, ಒತ್ತಾಯಕ್ಕೆ ಅವಕಾಶವೇ ಇಲ್ಲದ್ದರಿಂದ, ಮಗು ನೋಡುವುದು ತಾಯಿ ತನಗಾಗಿ ಮಾಡುವ ಪ್ರಾರ್ಥನೆಯನ್ನು ಮಾತ್ರ. ಒಂದು ಅರ್ಥದಲ್ಲಿ ಲೋವಿ, ಯೂನಿಕೆಯರ ಮನೆಯೂ ಅಂಥದ್ದೇ. ತಿಮೊಥೆಯನ ತಂದೆ ಗ್ರೀಕನೆಂದು ಅಪೊಸ್ತಲರ ಕೃತ್ಯಗಳಲ್ಲಿ ದಾಖಲಾಗಿದೆ.

ಗಲ್ಫ್ ದೇಶಗಳ ಕರಾವಳಿ ಸಂಸಾರಗಳು ಈ ನಡುವೆ ತಮ್ಮದೇ ಹೊಂದಾಣಿಕೆಗಳನ್ನು ಕಂಡುಕೊಂಡಿವೆ. ಶುಕ್ರವಾರ ವಾರದ ರಜೆಯಾಗಿದ್ದ ಅಲ್ಲಿ ಇಗರ್ಜಿಯ ಜನಸಂದಣಿಯೂ ಮಕ್ಕಳ ಧರ್ಮೋಪದೇಶವೂ ಶುಕ್ರವಾರಕ್ಕೆ ಒಗ್ಗಿಕೊಂಡಿದ್ದವು. ಅರಬ್ ಸಂಯುಕ್ತ ಸಂಸ್ಥಾನ 2022ರ ಜನವರಿಯಿಂದ ಶನಿವಾರ, ಭಾನುವಾರಗಳನ್ನು ರಜೆಯಾಗಿಸಿದ ಮೇಲೆ ಆ ದೇಶದಲ್ಲಿ ಅವೂ ಹೊಸ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕಾಯಿತು. ವಾರದ ದಿನವೇ ಕದಲಬಹುದಾದರೆ ಮನೆಯ ಹೊತ್ತೂ ಕದಲಬಹುದು ಎಂಬುದನ್ನು ಆ ಮನೆಗಳು ಬೇಗ ಅರಿತವು. ರಾತ್ರಿ ಹತ್ತಕ್ಕೆ ಒಂದೇ ಸುತ್ತು, ಕಾರಿನಲ್ಲಿ ಶಾಲೆಗೆ ಹೋಗುವಾಗ ಇನ್ನೊಂದು, ರಜೆಯ ದಿನ ವಿಡಿಯೋ ಕರೆಯಲ್ಲಿ ಊರಿನ ಅಜ್ಜಿಯೊಂದಿಗೆ ಪೂರ್ತಿ ತೆರ್ಸ್ ಎಂಬಂಥ ಏರ್ಪಾಟುಗಳನ್ನು ಶುದ್ಧ ಸಂಪ್ರದಾಯವಾದಿಗಳು ಕಡೆಗಣಿಸುವುದುಂಟು. ಶ್ರೀರಂಗಪಟ್ಟಣದ ಹದಿನೈದು ವರ್ಷಗಳನ್ನು ನೆನಪಿಟ್ಟುಕೊಂಡ ಸಮುದಾಯ ಹಾಗೆ ಮಾಡಬೇಕಾಗಿಲ್ಲ.

ಈ ಎಲ್ಲಕ್ಕಿಂತ ಬಿಡಿಸಲು ಕಷ್ಟವಾದದ್ದು ಭಾಷೆಯ ತೊಡಕು. ಬೆಂಗಳೂರಿನಲ್ಲೋ ದುಬೈಯಲ್ಲೋ ಹುಟ್ಟಿದ ಮಕ್ಕಳಿಗೆ ಕೊಂಕಣಿ ಅಷ್ಟಕ್ಕಷ್ಟೆ, ಕನ್ನಡ ಲಿಪಿಯಂತೂ ಓದಲು ಬರುವುದಿಲ್ಲ, ಆದ್ದರಿಂದ ಪ್ರಾರ್ಥನೆ ಇಂಗ್ಲಿಷಿಗೆ ಜಾರುತ್ತದೆ. ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೂ ದೇವರಿಗೆ ಒಂದೇ ಎಂದು ಧರ್ಮಶಾಸ್ತ್ರ ಹೇಳಬಹುದು, ಮನೆಗೆ ಅದು ಒಂದೇ ಅಲ್ಲ. ಪ್ರಾರ್ಥನೆ ಇಂಗ್ಲಿಷಿಗೆ ಹೊರಳಿದ ದಿನ ಮೊದಲು ಬಾಯಿ ಕಟ್ಟುವುದು ಇಷ್ಟು ಕಾಲ ಅದನ್ನು ನಡೆಸಿಕೊಂಡು ಬಂದ ಅಜ್ಜಿಗೆ. ಕೊಂಕಣಿಯಲ್ಲೇ ನಡೆಯಬೇಕೆಂದು ಹಟ ಹಿಡಿದರೆ ಮೊಮ್ಮಕ್ಕಳು ಕೇಳುಗರಾಗಿ ಉಳಿಯುತ್ತಾರೆ. ಕೆಲವು ಮನೆಗಳಲ್ಲಿ ಸುತ್ತುಗಳನ್ನು ಹಂಚಿಕೊಂಡು ಅಜ್ಜಿ ಕೊಂಕಣಿಯಲ್ಲಿ, ಬೇರೆ ಊರಿನಿಂದ ಬಂದ ಸೊಸೆ ಕನ್ನಡದಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ ನಡೆಸುತ್ತಾರೆ, ಉತ್ತರದ ಅರ್ಧವನ್ನು ಅವರವರು ತಮಗೆ ಬಂದ ಭಾಷೆಯಲ್ಲಿ ಹೇಳುತ್ತಾರೆ. ಕೇಳುವವರಿಗೆ ಅದು ಗೊಂದಲ. ಆದರೆ ಒಂದರ್ಧವನ್ನು ಒಬ್ಬರು ಹೇಳಿ ಇನ್ನೊಂದರ್ಧವನ್ನು ಉಳಿದವರು ಹೇಳುವ ಆ ಹಳೆಯ ಕಟ್ಟಡದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಹತ್ತರ ಲೆಕ್ಕವೊಂದು ತಪ್ಪದಿದ್ದರಾಯಿತು.